ಸಾರ್ವಜನಿಕ ಹಣದ ಲೆಕ್ಕಪರಿಶೋಧನೆ: ನಾಗರಿಕರಿಗೆ ಮಾಹಿತಿ

ಪೀಠಿಕೆ

ಸರ್ಕಾರದ ಅಥವಾ ಸ್ಥಳೀಯ ಸಂಸ್ಥೆಯ ಹಣವು ಮಂಜೂರಾದ ಉದ್ದೇಶಕ್ಕೆ, ನಿಯಮಾನುಸಾರವಾಗಿ ವೆಚ್ಚವಾಗಿದೆಯೇ ಎಂಬುದನ್ನು, ಆ ವೆಚ್ಚದಲ್ಲಿ ಪಾಲ್ಗೊಳ್ಳದ ಪ್ರಾಧಿಕಾರವು ದಾಖಲೆಗಳ ಆಧಾರದ ಮೇಲೆ ಪರಿಶೀಲಿಸುವುದಕ್ಕೆ ಲೆಕ್ಕಪರಿಶೋಧನೆ ಎನ್ನಲಾಗುತ್ತದೆ. ಬೈಲಹೊಂಗಲ, ಕಿತ್ತೂರು, ಸವದತ್ತಿ ಮತ್ತು ರಾಮದುರ್ಗ ತಾಲ್ಲೂಕುಗಳಲ್ಲಿ ಮನೆ ಕರ ಹಾಗೂ ನೀರಿನ ಶುಲ್ಕ ಪಾವತಿಸುವ, ಸೌಲಭ್ಯಗಳಿಗೆ ಅರ್ಜಿ ಸಲ್ಲಿಸುವ ನಾಗರಿಕರ ಹಣ ಮತ್ತು ಹಕ್ಕು ಎರಡೂ ಈ ವ್ಯವಸ್ಥೆಯನ್ನು ಅವಲಂಬಿಸಿವೆ.

ಪರಿಶೋಧನೆ ನಡೆಸುವವರು

1. ಭಾರತದ ಲೆಕ್ಕ ನಿಯಂತ್ರಕರು ಮತ್ತು ಮಹಾಲೆಕ್ಕಪರಿಶೋಧಕರು (ಸಿಎಜಿ): ಸಂವಿಧಾನದ 148ನೇ ಅನುಚ್ಛೇದದ ಮೇರೆಗೆ ರಾಷ್ಟ್ರಪತಿಯವರಿಂದ ನೇಮಕಗೊಳ್ಳುತ್ತಾರೆ. ರಾಜ್ಯ ಸರ್ಕಾರದ ಇಲಾಖೆಗಳ ಲೆಕ್ಕಗಳನ್ನು ಇವರ ಅಧೀನದ ಮಹಾಲೇಖಪಾಲರ ಕಚೇರಿಗಳು ಪರಿಶೋಧಿಸುತ್ತವೆ. ಸರ್ವೋಚ್ಚ ನ್ಯಾಯಾಲಯದ ನ್ಯಾಯಾಧೀಶರಿಗೆ ಅನ್ವಯಿಸುವ ವಿಧಾನದಲ್ಲಿ ಹೊರತು ಇವರನ್ನು ಹುದ್ದೆಯಿಂದ ತೆಗೆಯುವಂತಿಲ್ಲ. ನಿವೃತ್ತಿಯ ತರುವಾಯ ಕೇಂದ್ರ ಅಥವಾ ರಾಜ್ಯ ಸರ್ಕಾರದ ಯಾವ ಹುದ್ದೆಯನ್ನೂ ಇವರು ಹೊಂದುವಂತಿಲ್ಲ. ನಿರ್ಭೀತಿಯಿಂದ ವರದಿ ನೀಡಲು ಅನುವಾಗುವಂತೆ ಈ ರಕ್ಷಣೆಗಳನ್ನು ಕಲ್ಪಿಸಲಾಗಿದೆ.

2. ಕರ್ನಾಟಕ ರಾಜ್ಯ ಲೆಕ್ಕಪರಿಶೋಧನೆ ಮತ್ತು ಲೆಕ್ಕಪತ್ರ ಇಲಾಖೆ: ಗ್ರಾಮ ಪಂಚಾಯಿತಿ, ಪುರಸಭೆ, ಕೃಷಿ ಉತ್ಪನ್ನ ಮಾರುಕಟ್ಟೆ ಸಮಿತಿ ಮೊದಲಾದ ಸಂಸ್ಥೆಗಳ ಲೆಕ್ಕಗಳನ್ನು ಪರಿಶೋಧಿಸುತ್ತದೆ. ಈ ಇಲಾಖೆಯು ಆರ್ಥಿಕ ಇಲಾಖೆಯ ವ್ಯಾಪ್ತಿಗೆ ಒಳಪಟ್ಟಿದ್ದು, ತಾನು ಪರಿಶೋಧಿಸುವ ಸ್ಥಳೀಯ ಸಂಸ್ಥೆಗಳಿಗೆ ಅಧೀನವಾಗಿರುವುದಿಲ್ಲ.

3. ಗ್ರಾಮ ಸಭೆ: 2005ರ ರಾಷ್ಟ್ರೀಯ ಗ್ರಾಮೀಣ ಉದ್ಯೋಗ ಖಾತರಿ ಅಧಿನಿಯಮದ 17ನೇ ಪ್ರಕರಣವು ಕಾಮಗಾರಿಗಳ ಸಾಮಾಜಿಕ ಪರಿಶೋಧನೆಯನ್ನು ಗ್ರಾಮ ಸಭೆಗೆ ವಹಿಸಿತು. ಕೂಲಿ ಪಡೆದವರ ಎದುರಿನಲ್ಲಿಯೇ ಹಾಜರಿ ಪಟ್ಟಿಯನ್ನು ಓದಿ ತಾಳೆ ನೋಡುವುದು ಇದರ ವಿಶೇಷ.

ಪರಿಶೋಧನೆಯ ಕ್ರಮ

ಪರಿಶೋಧಕರು ನಗದು ಪುಸ್ತಕ, ಓಚರು, ರಶೀದಿ ಪುಸ್ತಕ, ಅಳತೆ ಪುಸ್ತಕ ಮತ್ತು ಬ್ಯಾಂಕ್ ಖಾತೆಯ ವಿವರಗಳನ್ನು ಪರಸ್ಪರ ತಾಳೆ ನೋಡುತ್ತಾರೆ. ಸಾಮಾನ್ಯವಾಗಿ ಎಲ್ಲ ವ್ಯವಹಾರಗಳನ್ನೂ ಪರಿಶೀಲಿಸದೆ, ಆಯ್ದ ಪ್ರಕರಣಗಳನ್ನು ಮಾತ್ರ ಪರೀಕ್ಷಿಸಲಾಗುತ್ತದೆ.

ಉದಾಹರಣೆಗೆ, 2019ರ ಆಗಸ್ಟ್ ತಿಂಗಳಲ್ಲಿ ಮಲಪ್ರಭಾ ನದಿಯ ಪ್ರವಾಹದಿಂದ ರಾಮದುರ್ಗ ತಾಲ್ಲೂಕಿನಲ್ಲಿ ಅನೇಕ ಮನೆಗಳು ಹಾನಿಗೊಳಗಾದವು. ಪೂರ್ಣವಾಗಿ ಹಾನಿಗೊಂಡ ಮನೆಯ ಪುನರ್ ನಿರ್ಮಾಣಕ್ಕೆ ರಾಜ್ಯ ಸರ್ಕಾರವು 5 ಲಕ್ಷ ರೂಪಾಯಿಗಳ ನೆರವನ್ನು ಘೋಷಿಸಿತು. ಇಂತಹ ನೆರವಿನ ಪರಿಶೋಧನೆಯಲ್ಲಿ ಕೇಳಲಾಗುವ ಪ್ರಶ್ನೆಗಳು ಹೀಗಿರುತ್ತವೆ:

ಅ) ಫಲಾನುಭವಿಯ ಹೆಸರು ಹಾನಿ ಸಮೀಕ್ಷೆಯ ಪಟ್ಟಿಯಲ್ಲಿದೆಯೇ?
ಆ) ಹಾನಿಯ ವರ್ಗವನ್ನು ಸ್ಥಳ ಪರಿಶೀಲನೆಯ ನಂತರ ನಿಗದಿಪಡಿಸಲಾಗಿದೆಯೇ?
ಇ) ಕಂತಿನ ಹಣ ಬಿಡುಗಡೆಯಾದಾಗ ಕಟ್ಟಡವು ಆ ಹಂತವನ್ನು ತಲುಪಿತ್ತೇ?
ಈ) ಹಣವು ಅದೇ ವ್ಯಕ್ತಿಯ ಖಾತೆಗೆ ಜಮೆಯಾಗಿದೆಯೇ? ಒಂದೇ ಮನೆಗೆ ಎರಡು ಬಾರಿ ನೆರವು ಸಂದಾಯವಾಗಿದೆಯೇ?

ಅನರ್ಹರ ಹೆಸರು ಪಟ್ಟಿಗೆ ಸೇರಿದಷ್ಟೇ, ಅರ್ಹ ಕುಟುಂಬವು ಪಟ್ಟಿಯಿಂದ ಬಿಟ್ಟುಹೋಗಿರುವುದೂ ಗಂಭೀರ ಲೋಪವೆನಿಸುತ್ತದೆ.

ಆಕ್ಷೇಪಣೆಯ ನಂತರ

ಕಂಡುಬಂದ ಲೋಪಗಳನ್ನು ವರದಿಯಲ್ಲಿ ಕಂಡಿಕೆಗಳಾಗಿ ದಾಖಲಿಸಲಾಗುತ್ತದೆ. ಸಂಬಂಧಿಸಿದ ಕಚೇರಿಯು ದಾಖಲೆಗಳೊಂದಿಗೆ ಅನುಪಾಲನಾ ವರದಿ ಸಲ್ಲಿಸಬೇಕು. ಉತ್ತರವು ಸಮರ್ಪಕವಾಗಿದ್ದಲ್ಲಿ ಕಂಡಿಕೆಯನ್ನು ತೀರುವಳಿ ಮಾಡಲಾಗುತ್ತದೆ. ಇಲ್ಲವಾದಲ್ಲಿ ಅದು ಬಾಕಿ ಉಳಿಯುತ್ತದೆ. ರಾಜ್ಯದ ಲೆಕ್ಕಗಳ ಬಗ್ಗೆ ಸಿಎಜಿ ನೀಡುವ ವರದಿಗಳು 151ನೇ ಅನುಚ್ಛೇದದ ಮೇರೆಗೆ ರಾಜ್ಯಪಾಲರಿಗೆ ಸಲ್ಲಿಕೆಯಾಗಿ, ವಿಧಾನಮಂಡಲದ ಮುಂದೆ ಮಂಡನೆಯಾಗುತ್ತವೆ. ತರುವಾಯ ಸಾರ್ವಜನಿಕ ಲೆಕ್ಕಪತ್ರಗಳ ಸಮಿತಿಯು ಅಧಿಕಾರಿಗಳನ್ನು ಕರೆಸಿ ವಿಚಾರಣೆ ನಡೆಸಬಹುದು.

ಪರಿಶೋಧಕರು ಸ್ವತಃ ಶಿಕ್ಷೆ ವಿಧಿಸುವುದಿಲ್ಲ. ಲೋಪವನ್ನು ಸಾಕ್ಷ್ಯಸಹಿತ ದಾಖಲಿಸುವುದು ಅವರ ಕರ್ತವ್ಯ. ವಸೂಲಾತಿ ಮತ್ತು ಶಿಸ್ತುಕ್ರಮಗಳು ಸಕ್ಷಮ ಪ್ರಾಧಿಕಾರದ ಹೊಣೆಯಾಗಿರುತ್ತವೆ. ಆದುದರಿಂದ ವರದಿಯನ್ನು ಓದುವ, ಬಾಕಿ ಕಂಡಿಕೆಗಳ ಬಗ್ಗೆ ಪ್ರಶ್ನಿಸುವ ನಾಗರಿಕರಿದ್ದಲ್ಲಿ ಮಾತ್ರ ಪರಿಶೋಧನೆಯು ಪೂರ್ಣ ಫಲ ನೀಡುತ್ತದೆ.

ನಾಗರಿಕರು ಗಮನಿಸಬೇಕಾದ ಅಂಶಗಳು

1. ಪಾವತಿಸಿದ ಪ್ರತಿಯೊಂದು ಮೊತ್ತಕ್ಕೂ ರಶೀದಿ ಪಡೆಯತಕ್ಕದ್ದು. ರಶೀದಿ ನೀಡದೆ ಪಡೆದ ಹಣವು ಲೆಕ್ಕಕ್ಕೆ ಬಾರದಿದ್ದಲ್ಲಿ, ಪರಿಶೋಧಕರು ಅದನ್ನು ಪತ್ತೆಹಚ್ಚುವುದು ಕಷ್ಟ.
2. ಅರ್ಜಿಯ ಸ್ವೀಕೃತಿ ಪತ್ರವನ್ನು ಕಾಯ್ದಿರಿಸಿಕೊಳ್ಳತಕ್ಕದ್ದು.
3. ಗ್ರಾಮ ಸಭೆಗೆ ಹಾಜರಾಗಿ, ಹಿಂದಿನ ಸಾಲಿನ ಲೆಕ್ಕಪರಿಶೋಧನಾ ಆಕ್ಷೇಪಣೆಗಳು ಮತ್ತು ಅವುಗಳಿಗೆ ನೀಡಿದ ಉತ್ತರಗಳ ಬಗ್ಗೆ ವಿವರ ಕೇಳಬಹುದು.
4. ಮಾಹಿತಿ ಹಕ್ಕು ಅಧಿನಿಯಮ, 2005ರ ಮೇರೆಗೆ 10 ರೂಪಾಯಿ ಶುಲ್ಕದೊಂದಿಗೆ ವರದಿಯ ಪ್ರತಿಗಾಗಿ ಅರ್ಜಿ ಸಲ್ಲಿಸಬಹುದು. ಬಡತನ ರೇಖೆಗಿಂತ ಕೆಳಗಿರುವವರಿಗೆ ಅರ್ಜಿ ಶುಲ್ಕವಿರುವುದಿಲ್ಲ. ಸಾಮಾನ್ಯವಾಗಿ 30 ದಿನಗಳೊಳಗೆ ಉತ್ತರ ನೀಡಬೇಕಾಗುತ್ತದೆ.
5. ಸೇವೆಯ ವಿಳಂಬಕ್ಕೆ ಸಂಬಂಧಿಸಿದ ಮೇಲ್ಮನವಿಯನ್ನು ಸಕಾಲ ಯೋಜನೆಯಡಿಯಲ್ಲಿ, ಲಂಚದ ದೂರನ್ನು ಲೋಕಾಯುಕ್ತಕ್ಕೆ ಸಲ್ಲಿಸತಕ್ಕದ್ದು. ಪರಿಶೋಧಕರು ಸೇವೆಗಳನ್ನು ಮಂಜೂರು ಮಾಡುವುದಿಲ್ಲ.