ಬಳ್ಳಿ ಪರದೇಶದ್ದು, ಪಂಚಾಂಗ ನಮ್ಮದು

ಬೆಲ್ಲದ ಬಾಗೇವಾಡಿಯ ಹೆಸರಿನಲ್ಲೇ ಬೆಲ್ಲವಿದೆ. ಹುಕ್ಕೇರಿ, ಗೋಕಾಕ, ಮೂಡಲಗಿ ಸೀಮೆಯಲ್ಲಿ ಸಿಹಿಯೆಂದರೆ ಕಬ್ಬು. ಸಕ್ಕರೆ ತೆಗೆದು ಉಳಿದ ಕಾಕಂಬಿಯನ್ನು ಭಟ್ಟಿ ಇಳಿಸಿದರೆ ಮದ್ಯಸಾರ ಬರುವುದೂ ಇಲ್ಲಿಯವರಿಗೆ ಹೊಸ ಸಂಗತಿಯಲ್ಲ. ಆದರೆ ವೈನಿಗೆ ಭಟ್ಟಿ ಬೇಕಿಲ್ಲ. ದ್ರಾಕ್ಷಿಯ ರಸವೇ ಹುದುಗು ಬಂದು ವೈನ್ ಆಗುತ್ತದೆ. ನಮ್ಮ ಘಟಪ್ರಭೆ ಹೋಗಿ ಸೇರುವ ಕೃಷ್ಣೆಯ ಕಣಿವೆಯನ್ನು ರಾಜ್ಯದ 2007ರ ವೈನ್ ನೀತಿ ನಂದಿ ಕಣಿವೆಯ ಜೊತೆಗೇ ಗುರುತಿಸಿದೆ. ಹೀಗಾಗಿ ಆ ವಿದ್ಯೆ ನಮ್ಮ ನಾಡಿಗೆ ಬಂದ ಬಗೆಯನ್ನು ತಿಳಿಯುವುದು ಉಚಿತ.

ಆ ಕಥೆಯಲ್ಲಿ ಎರಡು ದೇಶಗಳಿವೆ. ವ್ಯಾಪಾರಕ್ಕಾಗಿ ಫ್ರಾನ್ಸಿಗೆ ಹೋಗಿ ಬರುತ್ತಿದ್ದ ಉದ್ಯಮಿ ಕನ್ವಲ್ ಗ್ರೋವರ್, ಅಲ್ಲಿಯ ಶಾಂಪೇನ್ ಪ್ರಾಂತದ ತಜ್ಞ ಜಾರ್ಜ್ ವೆಸೆಲ್ ಅವರ ಜೊತೆಗೂಡಿ ಭಾರತದಲ್ಲಿ ತಕ್ಕ ನೆಲ ಹುಡುಕಿದರು. ದೊಡ್ಡಬಳ್ಳಾಪುರದ ಬಳಿ, ನಂದಿಬೆಟ್ಟದ ತಪ್ಪಲಿನಲ್ಲಿ 1988ರಲ್ಲಿ ಫ್ರೆಂಚ್ ತಳಿಗಳ ತೋಟ ಎದ್ದಿತು. ಮುಂದೆ ಬೋರ್ಡೋ ಪ್ರಾಂತದ ಮಿಶೆಲ್ ರೋಲಾನ್ ಸಲಹೆಗಾರರಾಗಿ ಬಂದರು.

ಬಳ್ಳಿ ತಂದರಷ್ಟೇ ಸಾಲದು. ಫ್ರಾನ್ಸಿನ ಚಳಿಗೆ ದ್ರಾಕ್ಷಿ ಎಲೆ ಉದುರಿಸಿ ಮಲಗುತ್ತದೆ. ವರ್ಷಕ್ಕೊಮ್ಮೆ ಸವರಿದರೆ ಸೆಪ್ಟೆಂಬರ್ ಹೊತ್ತಿಗೆ ಫಸಲು. ನಮ್ಮ ಬಿಸಿಲಿನಲ್ಲಿ ಬಳ್ಳಿಗೆ ನಿದ್ದೆಯೇ ಇಲ್ಲ. ಅಥಣಿ, ವಿಜಯಪುರದ ರೈತರು ಬಲ್ಲಂತೆ, ಇಲ್ಲಿ ಏಪ್ರಿಲ್ ಚಾಟ್ನಿ ಕಡ್ಡಿ ಬೆಳೆಯಲು, ಅಕ್ಟೋಬರ್ ಚಾಟ್ನಿ ಹಣ್ಣಿಗೆ. ಕೊಯ್ಲು ಬೇಸಿಗೆಯ ಬಾಗಿಲಲ್ಲಿ. ತಳಿ ಫ್ರಾನ್ಸಿನದಾದರೂ ಅದು ನಮ್ಮ ಪಂಚಾಂಗಕ್ಕೆ ಒಗ್ಗಬೇಕಾಯಿತು.

ಕೆಂಪು ವೈನಿನ ಬಣ್ಣ ಇರುವುದು ರಸದಲ್ಲಲ್ಲ, ಸಿಪ್ಪೆಯಲ್ಲಿ. ಕಪ್ಪು ದ್ರಾಕ್ಷಿಯನ್ನು ಜಜ್ಜಿ ಸಿಪ್ಪೆ ಸಮೇತ ಹುದುಗಲು ಬಿಟ್ಟಾಗ ಬಣ್ಣವೂ ಒಗರೂ ರಸಕ್ಕೆ ಇಳಿಯುತ್ತವೆ. ಹಣ್ಣಿನ ಸಕ್ಕರೆಯನ್ನು ಯೀಸ್ಟ್ ಮದ್ಯಸಾರವಾಗಿ ಮಾರ್ಪಡಿಸುತ್ತದೆ.

ನಂದಿಯ ತಪ್ಪಲಿನ ಈ ಪ್ರಯೋಗ ಉತ್ತರದ ಒಣನೆಲಕ್ಕೂ ಬಂತು. ಹೈದರಾಬಾದಿನ ದಂಪತಿ ಕೃಷ್ಣಪ್ರಸಾದ್ ಚಿಗುರುಪಾಟಿ ಮತ್ತು ಉಮಾ ಚಿಗುರುಪಾಟಿ ಕೊಪ್ಪಳ ಜಿಲ್ಲೆಯಲ್ಲಿ, ಹಂಪಿ ಕಡೆಯ ಗುಡ್ಡಗಳ ಸೆರಗಿನಲ್ಲಿ ತೋಟ ಮಾಡಿದರು. ಇಬ್ಬರ ಹೆಸರೂ ಬೆರೆತು ‘ಕೃಸ್ಮಾ’ ಆಯಿತು. ಫ್ರಾನ್ಸಿನ ಕ್ಯಾಬರ್ನೆ ಸೋವಿನ್ಯೋನ್, ಇಟಲಿಯ ಸಾಂಜೊವೇಸೆ ತಳಿಗಳಿಂದ ಅಲ್ಲಿ ಕೆಂಪು ವೈನ್ ತಯಾರಾಯಿತು. ಬಿಸಿಲುಸೀಮೆಯೆಂದು ಮೂಗು ಮುರಿಯುವಂತಿಲ್ಲ ಎಂಬುದಕ್ಕೆ ಇದೊಂದು ನಿದರ್ಶನ.

ಹಾಗಾದರೆ ಕಬ್ಬು ಬಿಟ್ಟು ವೈನ್ ದ್ರಾಕ್ಷಿ ಹಚ್ಚಬಹುದೇ? ಇಲ್ಲಿ ಎಚ್ಚರ ಬೇಕು. ತಿನ್ನುವ ದ್ರಾಕ್ಷಿಗೆ ಬೆಲೆ ಬಿದ್ದರೆ ಶೆಡ್ಡಿನಲ್ಲಿ ಒಣಗಿಸಿ ಒಣದ್ರಾಕ್ಷಿ ಮಾಡಿಕೊಳ್ಳಬಹುದು. ವೈನ್ ತಳಿಯ ಹಣ್ಣು ಸಣ್ಣದು, ಬೀಜದ್ದು, ಸಿಪ್ಪೆ ದಪ್ಪ. ವೈನರಿ ಕೊಳ್ಳದಿದ್ದರೆ ಸಂತೆಯಲ್ಲಿ ಕೇಳುವವರಿಲ್ಲ. 2008ರ ಆರ್ಥಿಕ ಹಿಂಜರಿತದ ನಂತರ ನೆರೆಯ ಮಹಾರಾಷ್ಟ್ರದಲ್ಲಿ ಹಾಗೇ ಆಯಿತು. ಬೇಡಿಕೆ ಕುಸಿದು, ಹಲವು ರೈತರು ಬೆಳೆದ ಬಳ್ಳಿಗಳನ್ನು ಬೇರುಸಹಿತ ಕಿತ್ತರು.

ಗ್ರೋವರ್ ಆಗಲಿ, ಚಿಗುರುಪಾಟಿ ದಂಪತಿಯಾಗಲಿ ತೋಟದ ಜೊತೆಗೆ ವೈನರಿಯನ್ನೂ ಕಟ್ಟಿದವರು. ತಾವು ಬೆಳೆದದ್ದನ್ನು ತಾವೇ ವೈನ್ ಮಾಡಿದರು. ಬರಿಯ ಬೆಳೆಗಾರನಿಗೆ ಆ ಆಸರೆಯಿಲ್ಲ. ಕಬ್ಬು ಕಳಿಸಿ ಬಿಲ್ಲಿಗೆ ಕಾಯುವುದರ ಕಷ್ಟ ಕಂಡ ರೈತನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೊದಲು ಖರೀದಿಯ ಕರಾರು, ಆಮೇಲೆ ಸಸಿ: ಕೃಷ್ಣಾ ಕಣಿವೆಯಲ್ಲಿ ವೈನ್ ದ್ರಾಕ್ಷಿ ಉಳಿಯಬೇಕಾದರೆ ಇದೇ ಕ್ರಮ.