ಗಾಯದ ಬಾಯಿಗೆ ಇಟ್ಟ ಬೆರಳು

ಕ್ರಿ.ಶ. 625ರ ಉಹುದ್ ಯುದ್ಧದಲ್ಲಿ ಪ್ರವಾದಿ ಮುಹಮ್ಮದ್(ಸ)ರ ಶಿರಸ್ತ್ರಾಣ ಒಡೆದು ಮುಖಕ್ಕೆ ಗಾಯವಾಯಿತು, ಹಲ್ಲು ಮುರಿಯಿತು. ಹಜ್ರತ್ ಅಲಿ ತಮ್ಮ ಗುರಾಣಿಯಲ್ಲಿ ನೀರು ತಂದು ಸುರಿದರು, ಮಗಳು ಫಾತಿಮಾ ತೊಳೆದರು. ತೊಳೆದಷ್ಟೂ ರಕ್ತ ಹೆಚ್ಚಾಯಿತು. ಆಗ ಫಾತಿಮಾ ಚಾಪೆಯ ತುಂಡೊಂದನ್ನು ಸುಟ್ಟು, ಬೂದಿಯನ್ನು ಗಾಯಕ್ಕೆ ಹಚ್ಚಿದರು. ರಕ್ತ ನಿಂತಿತು. ಬುಖಾರಿ ಹದೀಸ್ ಸಂಗ್ರಹದಲ್ಲಿರುವ ಈ ಪ್ರಸಂಗವನ್ನು ನಾವು ಚಿಕ್ಕಂದಿನಲ್ಲಿ ಕೇಳಿದ್ದು ಸಹನೆಯ ಕತೆಯಾಗಿ. ಈಗ ಮತ್ತೆ ಓದುವಾಗ ಕಣ್ಣಿಗೆ ಬೀಳುವುದು ಆ ಗುರಾಣಿ ಮತ್ತು ಚಾಪೆ. ರಣರಂಗದಲ್ಲಿ ಹಕೀಮನ ಪೆಟ್ಟಿಗೆ ಇರಲಿಲ್ಲ, ಕೈಗೆ ಸಿಕ್ಕಿದ್ದೇ ಮದ್ದಾಯಿತು.

ನಮ್ಮ ಮನೆಗಳಲ್ಲಿ ಬೆರಳು ಕುಯ್ದುಕೊಂಡರೆ ಕಾಫಿಪುಡಿಯನ್ನೋ ಅರಿಶಿನವನ್ನೋ ಒತ್ತುತ್ತಿದ್ದುದೂ ಇದೇ ಜಾತಿಯ ಉಪಾಯ. ಅಲ್ಲಿ ಕೆಲಸ ಮಾಡುತ್ತಿದ್ದುದು ಪುಡಿಗಿಂತ ಹೆಚ್ಚಾಗಿ ಒತ್ತಿದ ಹೆಬ್ಬೆರಳು ಎಂದು ಈಗಿನ ವೈದ್ಯರು ಹೇಳುತ್ತಾರೆ. ಪುಡಿಯಿಂದ ಗಾಯಕ್ಕೆ ಕೊಳೆ ಸೇರುತ್ತದೆ ಎಂದು ಗದರುತ್ತಾರೆ ಕೂಡ. ದೊಡ್ಡ ರಕ್ತನಾಳ ಹರಿದಾಗಲಂತೂ ಪುಡಿ, ಬೂದಿ ಯಾವುದೂ ಸಾಲದು. ಎರಡು ವರ್ಷಗಳ ಬಳಿಕ ಖಂದಕ್ ಯುದ್ಧದಲ್ಲಿ ಸಅದ್ ಬಿನ್ ಮುಆಝ್‌ರ ತೋಳಿನ ನಾಳಕ್ಕೆ ಬಾಣ ನಾಟಿತು. ಮಸೀದಿಯ ಬಳಿ ರುಫೈದಾ ಎಂಬಾಕೆಯ ಡೇರೆಯಲ್ಲಿ ಅವರ ಆರೈಕೆ ನಡೆಯಿತು, ಗಾಯಕ್ಕೆ ಬರೆ ಹಾಕಲಾಯಿತು. ಕೆಲವು ವಾರಗಳ ನಂತರ ಅದೇ ಗಾಯ ಬಾಯ್ಬಿಟ್ಟು ಅವರು ತೀರಿಕೊಂಡರು.

ಈ ವಿದ್ಯೆಯನ್ನು ಶಾಸ್ತ್ರವಾಗಿ ಬರೆದಿಟ್ಟವರಲ್ಲಿ ದೊಡ್ಡ ಹೆಸರು ಕಾರ್ಡೋಬಾದ ಅಲ್ ಝಹ್ರಾವಿಯದು (936-1013). ಉರ್ದುವಿನಲ್ಲಿ ಶಸ್ತ್ರವೈದ್ಯನಿಗೆ ಜರ್ರಾಹ್ ಎನ್ನುತ್ತೇವೆ, ಗಾಯ ಎಂಬ ಅರ್ಥದ ಅರಬಿ ಮಾತಿನಿಂದ ಹುಟ್ಟಿದ ಪದ ಅದು. ಝಹ್ರಾವಿ ಜರ್ರಾಹರ ಜರ್ರಾಹ್. ಅವರ ‘ಅತ್ತಸ್ರೀಫ್’ ಗ್ರಂಥದ ಮೂವತ್ತನೆಯ ಭಾಗ ಪೂರ್ತಿ ಶಸ್ತ್ರಚಿಕಿತ್ಸೆಗೆ ಮೀಸಲು. ಧಮನಿ ಚಿಮ್ಮುತ್ತಿದ್ದರೆ ನಾಲ್ಕು ದಾರಿಗಳಿವೆ ಎನ್ನುತ್ತಾರೆ: ಕಾದ ಕಬ್ಬಿಣದ ಬರೆ, ನೂಲಿನ ಬಿಗಿ ಗಂಟು, ರಕ್ತ ತಡೆಯುವ ಮದ್ದಿಟ್ಟು ಬಿಗಿದ ಪಟ್ಟಿ, ಇಲ್ಲವೇ ಅರ್ಧ ಹರಿದ ಧಮನಿಯನ್ನು ಪೂರ್ತಿ ಕತ್ತರಿಸಿಬಿಡುವುದು. ಕೊನೆಯದು ಕೇಳಲು ಕ್ರೂರ, ಆದರೆ ಲೆಕ್ಕ ಸರಿಯಿದೆ. ಪೂರ್ತಿ ತುಂಡಾದ ಧಮನಿಯ ತುದಿಗಳು ಒಳಕ್ಕೆ ಸೇದಿಕೊಂಡು ಮುದುಡುತ್ತವೆ. ಅರ್ಧ ಹರಿದದ್ದು ಮುದುಡಲಾರದೆ ಬಾಯಿ ತೆರೆದೇ ಇರುತ್ತದೆ. ವೈದ್ಯನೂ ಇಲ್ಲ, ಮದ್ದೂ ಇಲ್ಲ ಎನ್ನುವಾಗ ಏನು ಮಾಡಬೇಕೆಂಬುದನ್ನೂ ಅವರು ಮರೆಯಲಿಲ್ಲ: ತೋರುಬೆರಳನ್ನು ನಾಳದ ಬಾಯಿಯ ಮೇಲೆ ಬಲವಾಗಿ ಒತ್ತಿ ಹಿಡಿಯಬೇಕು, ತಣ್ಣೀರು ಸುರಿಯಬೇಕು. ಈ ಭಾಗ ಹನ್ನೆರಡನೆಯ ಶತಮಾನದಲ್ಲಿ ಲ್ಯಾಟಿನ್‌ಗೆ ಅನುವಾದವಾಗಿ ಯುರೋಪಿನ ವೈದ್ಯರ ಪಠ್ಯವಾಯಿತು.

ಅಷ್ಟರಲ್ಲಿ ಬಂದೂಕು ಬಂತು. ಕತ್ತಿ ಕೊಯ್ಯುತ್ತದೆ, ಗುಂಡು ಹರಿಯುತ್ತದೆ. ಬಟ್ಟೆಯ ಚೂರನ್ನೂ ಮಣ್ಣನ್ನೂ ಒಳಕ್ಕೆ ಒಯ್ಯುತ್ತದೆ. ಮದ್ದಿನಪುಡಿ ವಿಷವೆಂದು ನಂಬಿದ್ದ ಯುರೋಪಿನ ಜರ್ರಾಹರು ಗುಂಡಿನ ಗಾಯಕ್ಕೆ ಕುದಿಯುವ ಎಣ್ಣೆ ಹೊಯ್ಯುತ್ತಿದ್ದರು. ಇಟಲಿಯ ದಂಡಯಾತ್ರೆಯಲ್ಲಿ ಎಣ್ಣೆ ಮುಗಿದುಹೋದ್ದರಿಂದ ಆಂಬ್ರ್ವಾಸ್ ಪಾರೆ ಎಂಬ ಫ್ರೆಂಚ್ ಯುವಕ ಮೊಟ್ಟೆಯ ಹಳದಿ, ಗುಲಾಬಿ ಎಣ್ಣೆ, ಟರ್ಪೆಂಟೈನ್ ಕಲಸಿ ಹಚ್ಚಿದ. ರಾತ್ರಿಯಿಡೀ ನಿದ್ದೆ ಬಾರದೆ ಬೆಳಿಗ್ಗೆ ಹೋಗಿ ನೋಡಿದರೆ, ಎಣ್ಣೆ ತಪ್ಪಿಸಿಕೊಂಡವರೇ ಸುಖವಾಗಿದ್ದರು! ಇದೇ ಪಾರೆ ಮುಂದೆ ಕಾಲು ಕತ್ತರಿಸುವಾಗ ಬರೆ ಬಿಟ್ಟು ನೂಲಿನ ಗಂಟಿಗೆ ಮರಳಿದ. 1674ರಲ್ಲಿ ಬೆಜಾನ್ಸೋನ್ ಮುತ್ತಿಗೆಯಲ್ಲಿ ಮೊರೆಲ್ ಎಂಬಾತ ಪಟ್ಟಿಯೊಳಗೆ ಕೋಲು ತೂರಿಸಿ ತಿರುಚಿದ. ಎತ್ತಿನ ಗಾಡಿಗೆ ಹೊರೆ ಬಿಗಿಯುವವರಿಗೆ ಇದನ್ನು ವಿವರಿಸಬೇಕಾಗಿಲ್ಲ. 1718ರಲ್ಲಿ ಪೆಟಿ ಅದಕ್ಕೆ ತಿರುಪು ಜೋಡಿಸಿ ಟೂರ್ನಿಕೆಟ್ ಎಂದು ಕರೆದ. ನಾವು ಬಿಗಿಪಟ್ಟಿ ಎನ್ನೋಣ.

ಸಾಧನ ಸಿಕ್ಕಿತು, ಬಳಸುವ ಕೈ ಬೇಕಿತ್ತು. 1797ರ ಜುಲೈಯಲ್ಲಿ ಟೆನೆರೀಫ್ ದ್ವೀಪದಲ್ಲಿ ಇಂಗ್ಲಿಷ್ ನೌಕಾಧಿಪತಿ ನೆಲ್ಸನ್‌ನ ಬಲತೋಳಿಗೆ ಗುಂಡು ಬಿದ್ದಾಗ, ಮಲಮಗ ಜೊಸಾಯ ನಿಸ್ಬೆಟ್ ಕೊರಳವಸ್ತ್ರದಿಂದ ತೋಳನ್ನು ಬಿಗಿದ. ತೋಳು ಹೋಯಿತು, ಜೀವ ಉಳಿಯಿತು. 1862ರ ಏಪ್ರಿಲ್ 6ರಂದು ಅಮೆರಿಕದ ಶೈಲೋ ಕಾಳಗದಲ್ಲಿ ಜನರಲ್ ಆಲ್ಬರ್ಟ್ ಸಿಡ್ನಿ ಜಾನ್‌ಸ್ಟನ್‌ಗೆ ಮೊಣಕಾಲಿನ ಹಿಂದೆ ಗುಂಡು ತಗುಲಿತು. ಗುಲಾಮಗಿರಿಯ ಪಕ್ಷದ ಸೇನಾಪತಿ, ನಮಗೆ ಆತನ ಮೇಲೆ ಪ್ರೀತಿಯೇನಿಲ್ಲ. ಆದರೂ ಆತನ ಸಾವು ಕಾಡುತ್ತದೆ. ತನ್ನ ವೈದ್ಯನನ್ನು ಗಾಯಾಳುಗಳ ಬಳಿಗೆ, ಅವರಲ್ಲಿ ಶತ್ರು ಸೈನಿಕರೂ ಇದ್ದರು, ತಾನೇ ಕಳಿಸಿಬಿಟ್ಟಿದ್ದ. ಜೊತೆಗಿದ್ದವರು ಗಾಯ ಎಲ್ಲೆಂದು ಎದೆ ಹೊಟ್ಟೆ ತಡಕಿದರು, ಬಾಯಿಗೆ ಬ್ರಾಂಡಿ ಹೊಯ್ದರು. ರಕ್ತ ಬೂಟಿನೊಳಕ್ಕೆ ಇಳಿಯುತ್ತಿತ್ತು. ಬಿಗಿಪಟ್ಟಿ ಅವನ ಜೇಬಿನಲ್ಲೇ ಇತ್ತು.

ಮೊದಲ ಮಹಾಯುದ್ಧದ ಕಂದಕಗಳಲ್ಲಿ ಬಿಗಿಪಟ್ಟಿಗೆ ಕೆಟ್ಟ ಹೆಸರು ಬಂತು. ಪಟ್ಟಿ ಕಟ್ಟಿದ ಸಿಪಾಯಿ ಗಂಟೆಗಟ್ಟಲೆ ಕೆಸರಿನಲ್ಲಿ ಬಿದ್ದಿರುತ್ತಿದ್ದ, ಆಸ್ಪತ್ರೆ ಮುಟ್ಟುವಾಗ ಕಾಲು ಸತ್ತಿರುತ್ತಿತ್ತು. ತಪ್ಪು ದಾರಿಯದು, ಶಿಕ್ಷೆ ಪಟ್ಟಿಗಾಯಿತು. ಬೇರೆಲ್ಲ ಸೋತ ಮೇಲಷ್ಟೇ ಕಟ್ಟಿ ಎಂಬ ಪಾಠ ದಶಕಗಳ ಕಾಲ ನಡೆಯಿತು. ವಿಯೆಟ್ನಾಂನಲ್ಲಿ ಕೈಕಾಲಿನ ರಕ್ತಸ್ರಾವವೊಂದರಿಂದಲೇ ಸತ್ತ ಅಮೆರಿಕನ್ ಸೈನಿಕರು ಸುಮಾರು 2,500. (ಹಾವು ಕಚ್ಚಿದಾಗ ಬಿಗಿಯಬಾರದೆಂದು ವೈದ್ಯರು ಹೇಳುವುದು ಬೇರೆ ಮಾತು, ಅದನ್ನು ಇದರೊಂದಿಗೆ ಬೆರೆಸಬಾರದು.)

ಆ ಪಾಠ ತಿದ್ದಿಕೊಂಡದ್ದು ಬಾಗ್ದಾದಿನಲ್ಲಿ. 2003ರ ಆಕ್ರಮಣದ ನಂತರ ಅಮೆರಿಕನ್ ಸೇನೆ ಅಲ್ಲಿನ ಆಸ್ಪತ್ರೆಯೊಂದನ್ನು ವಶಪಡಿಸಿಕೊಂಡು ತನ್ನ ಯುದ್ಧಾಸ್ಪತ್ರೆ ಮಾಡಿಕೊಂಡಿತು. ಆಸ್ಪತ್ರೆಯ ಹೆಸರು ಇಬ್ನ್ ಸೀನಾ! 2006ರಲ್ಲಿ ಅಲ್ಲಿ 232 ಗಾಯಾಳುಗಳ 309 ಕೈಕಾಲುಗಳಿಗೆ ಹಾಕಿದ್ದ 428 ಬಿಗಿಪಟ್ಟಿಗಳ ಲೆಕ್ಕ ಬರೆದಿಡಲಾಯಿತು. ರಕ್ತ ಬಸಿದು ಮೈ ತಣ್ಣಗಾಗುವ ಮೊದಲೇ ಪಟ್ಟಿ ಬಿದ್ದವರಲ್ಲಿ ನೂರಕ್ಕೆ ತೊಂಬತ್ತು ಮಂದಿ ಉಳಿದರು, ತಡವಾದವರಲ್ಲಿ ನೂರಕ್ಕೆ ಹತ್ತು. ಪಟ್ಟಿಯ ಕಾರಣಕ್ಕೆ ಒಂದು ಕಾಲೂ ಹೋಗಲಿಲ್ಲ. 2013ರಲ್ಲಿ ಬಾಸ್ಟನ್ ಮ್ಯಾರಥಾನ್‌ನಲ್ಲಿ ಬಾಂಬು ಸಿಡಿದಾಗ ಸ್ಥಳದಲ್ಲಿ ಕಟ್ಟಿದ 27 ಪಟ್ಟಿಗಳೂ ಕೈಗೆ ಸಿಕ್ಕಿದ್ದರಿಂದಲೇ ಮಾಡಿಕೊಂಡವು. ಕೋಲು ತೂರಿಸಿ ತಿರುಚದ ಬಟ್ಟೆ ಸಾಮಾನ್ಯವಾಗಿ ಮೇಲಿನ ಅಭಿಧಮನಿಗಳನ್ನಷ್ಟೇ ಮುಚ್ಚುತ್ತದೆ, ಒಳಗಿನ ಧಮನಿ ಹರಿಯುತ್ತಲೇ ಇರುತ್ತದೆ. ಮೊರೆಲ್‌ನ ಕೋಲನ್ನು ಹೊಸದಾಗಿ ನೆನಪಿಸಿಕೊಳ್ಳಬೇಕಾಯಿತು.

ಇಬ್ನ್ ಸೀನಾ ಆಸ್ಪತ್ರೆ 2009ರಲ್ಲಿ ಇರಾಕಿಗಳ ಕೈಗೆ ಮರಳಿತು. ಆ 232 ಎಂಬುದು ಅದರ ಬಾಗಿಲು ಮುಟ್ಟಿದವರ ಲೆಕ್ಕ. ಅದೇ ವರ್ಷ ಬಾಗ್ದಾದಿನ ಸಂತೆಗಳಲ್ಲಿ ಬಾಂಬು ಸಿಡಿದು ಬಿದ್ದವರು, ತಮ್ಮ ತಲೆವಸ್ತ್ರ ಬಿಚ್ಚಿ ಅವರ ತೊಡೆಗೆ ಬಿಗಿದವರು ಆ ಲೆಕ್ಕದ ಹೊರಗಿದ್ದಾರೆ.