ಕಾಡಿನ ಬಿಲ್ಲಿಗೆ ಗುರುವಾದವನು

ಪ್ರವಾಸ ಹೋದಲ್ಲಿ ಬಾಡಿಗೆಗೆ ಬಿಲ್ಲು ಹಿಡಿದು, ಕಾಡಿನ ಕಾಲುದಾರಿಯಲ್ಲಿ ಒಂದೊಂದೇ ಗುರಿಗೆ ಬಾಣ ಬಿಡುತ್ತಾ ಸಾಗುವ ಆಟವೊಂದಿದೆ. ಹೆಸರು ಫೀಲ್ಡ್ ಆರ್ಚರಿ. ಅಂತರರಾಷ್ಟ್ರೀಯ ಸ್ಪರ್ಧೆಗಳಲ್ಲಿ 24 ಗುರಿಗಳಿರುತ್ತವೆ. ಕೆಲವಕ್ಕೆ ದೂರ ಎಷ್ಟೆಂದು ಬರೆದಿರುವುದಿಲ್ಲ, ಕಣ್ಣಳತೆಯೇ ಗತಿ. ಅಮೆರಿಕದಲ್ಲಿ ಬೆಳೆದ ಈ ಆಟದ ಬೇರು ಬೇಟೆಯಲ್ಲಿದೆ. ಅದರ ಹಿಂದೆ ಒಂದು ಬುಡಕಟ್ಟಿನ ಅಳಿವಿನ ಕಥೆಯೂ ಇದೆ.

1911ರ ಆಗಸ್ಟ್‌ನಲ್ಲಿ ಕ್ಯಾಲಿಫೋರ್ನಿಯಾದ ಓರೊವಿಲ್ ಊರಿನ ಅಂಚಿಗೆ ಆದಿವಾಸಿಯೊಬ್ಬ ಹಸಿದು ಬಂದ. ಬಿಳಿಯ ವಲಸಿಗರ ಹತ್ಯಾಕಾಂಡಗಳಿಂದ ನಾಶವಾದ ಯಾಹಿ ಬುಡಕಟ್ಟಿನಲ್ಲಿ ಉಳಿದಿದ್ದವನು ಆತನೊಬ್ಬನೇ ಎನ್ನಲಾಯಿತು. ತನ್ನ ಹೆಸರನ್ನು ಆತ ಹೇಳಲಿಲ್ಲ. ಮಾನವಶಾಸ್ತ್ರಜ್ಞ ಆಲ್‌ಫ್ರೆಡ್ ಕ್ರೋಬರ್ 'ಇಶಿ' ಎಂದು ಕರೆದ. ಆತನ ಭಾಷೆಯಲ್ಲಿ ಹಾಗೆಂದರೆ 'ಮನುಷ್ಯ'.

ಸ್ಯಾನ್‌ಫ್ರಾನ್ಸಿಸ್ಕೊದ ವಸ್ತುಸಂಗ್ರಹಾಲಯವೇ ಇಶಿಗೆ ಮನೆಯಾಯಿತು. ಪಕ್ಕದ ಆಸ್ಪತ್ರೆಯ ಶಸ್ತ್ರವೈದ್ಯ ಸ್ಯಾಕ್ಸ್‌ಟನ್ ಪೋಪ್ ಆತನ ಶಿಷ್ಯನಾದ. ಬಿಲ್ಲು ಕೆತ್ತುವುದು, ಬಾಣ ಹೂಡುವುದು, ಸದ್ದಿಲ್ಲದೆ ಮಿಗದ ಬಳಿ ಸರಿಯುವುದು ಎಲ್ಲವನ್ನೂ ಕಲಿತ. 1916ರಲ್ಲಿ ಇಶಿ ಕ್ಷಯದಿಂದ ತೀರಿಕೊಂಡ.

ಬಿಲ್ಲುಬೇಟೆಯ ಬಗ್ಗೆ ಪೋಪ್ 1923ರಲ್ಲಿ ಪುಸ್ತಕ ಬರೆದ. ಹವ್ಯಾಸ ಹಬ್ಬಿತು. ಬೇಟೆಯ ಅಭ್ಯಾಸವೇ ಆಟವಾಯಿತು. 1939ರಲ್ಲಿ ಅಮೆರಿಕದಲ್ಲಿ ಅದಕ್ಕೊಂದು ರಾಷ್ಟ್ರೀಯ ಸಂಘ ಹುಟ್ಟಿತು. 1969ರಲ್ಲಿ ವಿಶ್ವ ಚಾಂಪಿಯನ್‌ಷಿಪ್ ಶುರುವಾಯಿತು.

ಗುರುವಿಗೆ ಮಾತ್ರ ಸತ್ತ ಮೇಲೂ ಬಿಡುಗಡೆ ಇರಲಿಲ್ಲ. ಶವಪರೀಕ್ಷೆಯಲ್ಲಿ ತೆಗೆದ ಇಶಿಯ ಮೆದುಳು ಸ್ಮಿತ್‌ಸೋನಿಯನ್ ಸಂಸ್ಥೆಯ ಸಂಗ್ರಹ ಸೇರಿತ್ತು. ಅದು ಆತನ ಬಂಧುಕುಲದವರ ಕೈಸೇರಿದ್ದು 2000ದಲ್ಲಿ. ಕಾಡಿನ ವಿದ್ಯೆಯನ್ನು ನಾಡಿಗೆ ಕೊಟ್ಟವನು ತನ್ನವರ ಬಳಿಗೆ ಮರಳಲು 84 ವರ್ಷ ಬೇಕಾಯಿತು.